ಸಿಂಹದ ಹೆಸರೂ ನಮ್ಮದು, ಶತ್ರುವಿನ ಪೇಟವೂ ನಮ್ಮದು

ತುರ್ಕಿ ಭಾಷೆಯಲ್ಲಿ ಸಿಂಹಕ್ಕೆ ಅಸ್ಲಾನ್ ಎನ್ನುತ್ತಾರೆ. ನಮ್ಮಲ್ಲೂ ಮಕ್ಕಳಿಗೆ ಅಸ್ಲಾನ್, ಅರ್ಸಲಾನ್ ಎಂದು ಹೆಸರಿಡುವವರಿದ್ದಾರೆ. ಬ್ರಿಟಿಷ್ ಲೇಖಕ ಸಿ.ಎಸ್. ಲೂಯಿಸ್ ತಮ್ಮ ನಾರ್ನಿಯಾ ಕಾದಂಬರಿಗಳಲ್ಲಿ ದೇವರ ಸ್ಥಾನದಲ್ಲಿ ನಿಲ್ಲಿಸಿದ ಸಿಂಹದ ಹೆಸರೂ ಅದೇ. ಅರೇಬಿಯನ್ ನೈಟ್ಸ್ ಕಥೆಗಳಿಗೆ ಎಡ್ವರ್ಡ್ ಲೇನ್ ಬರೆದ ಟಿಪ್ಪಣಿಗಳಲ್ಲಿ ಈ ಹೆಸರು ತಮಗೆ ಸಿಕ್ಕಿತೆಂದು ಲೂಯಿಸ್ ಅವರೇ ಪತ್ರವೊಂದರಲ್ಲಿ ತಿಳಿಸಿದ್ದಾರೆ. ಹೀಗೆ ಮುಸ್ಲಿಮ್ ಜಗತ್ತಿನ ಒಂದು ಭಾಷೆಯಿಂದ ತಮ್ಮ ದೇವರಿಗೆ ಹೆಸರು ಎರವಲು ಪಡೆದ ಅದೇ ಲೇಖಕರು, ಅದೇ ಜಗತ್ತಿನ ಪೇಟವನ್ನೂ ಗಡ್ಡವನ್ನೂ ಬಾಗಿದ ಖಡ್ಗವನ್ನೂ ತೆಗೆದು ತಮ್ಮ ಕಥೆಯ ಶತ್ರುಗಳಿಗೆ ತೊಡಿಸಿದರು. ಈ ವಿಪರ್ಯಾಸದ ಬಗ್ಗೆ ನಮ್ಮಲ್ಲಿ ಯಾರೂ ಹೆಚ್ಚು ಮಾತನಾಡಿದ್ದಿಲ್ಲ. ಮಕ್ಕಳ ಪುಸ್ತಕ ತಾನೇ ಎಂಬ ಉದಾಸೀನವೇ ಇದಕ್ಕೆ ಕಾರಣ.

ನಾರ್ನಿಯಾ ಸರಣಿಯಲ್ಲಿ ಒಟ್ಟು ಏಳು ಪುಸ್ತಕಗಳಿವೆ. ಮೊದಲನೆಯದು 1950ರಲ್ಲಿ ಬಂತು. ಕೊನೆಯದಾದ 'ದಿ ಲಾಸ್ಟ್ ಬ್ಯಾಟಲ್' 1956ರಲ್ಲಿ ಪ್ರಕಟವಾಯಿತು. ಆ ವರ್ಷದ ಅತ್ಯುತ್ತಮ ಮಕ್ಕಳ ಕೃತಿಗೆ ಬ್ರಿಟನ್ ನೀಡುವ ಕಾರ್ನೆಗೀ ಪದಕವೂ ಅದಕ್ಕೆ ಸಂದಿತು. ನಮ್ಮ ಇಂಗ್ಲಿಷ್ ಮಾಧ್ಯಮದ ಮಕ್ಕಳು ಸಾಮಾನ್ಯವಾಗಿ ಮೊದಲ ಪುಸ್ತಕವನ್ನು ಓದಿರುತ್ತಾರೆ, ಇಲ್ಲವೇ 2005, 2008 ಮತ್ತು 2010ರಲ್ಲಿ ಬಂದ ಚಲನಚಿತ್ರಗಳನ್ನು ನೋಡಿರುತ್ತಾರೆ. ಆ ಚಿತ್ರಗಳು ಮೊದಲ ಮೂರು ಪುಸ್ತಕಗಳಿಗೇ ನಿಂತವು. ಆದ್ದರಿಂದ ಬೀರುವಿನೊಳಗಿನ ಹಿಮಲೋಕ, ಮಾತನಾಡುವ ಪ್ರಾಣಿಗಳು, ಬಿಳಿಯ ಮಾಟಗಾತಿ ಇವಿಷ್ಟೇ ನಾರ್ನಿಯಾ ಎಂದು ಪಾಲಕರು ತಿಳಿದಿರುವುದು ಸಹಜ. ಮೊದಲ ಪುಸ್ತಕ ಹಿಡಿಸಿದ ಮಗು ಏಳನೆಯದರವರೆಗೆ ಓದುತ್ತಾ ಹೋಗುತ್ತದೆ. ಅಲ್ಲಿ ಅದಕ್ಕೆ ಏನು ಸಿಗುತ್ತದೆ ಎಂಬುದು ಈ ಲೇಖನದ ವಿಷಯ.

ನಾರ್ನಿಯಾದ ದಕ್ಷಿಣಕ್ಕೆ, ಮರುಭೂಮಿಯ ಆಚೆ, ಕ್ಯಾಲೋರ್ಮೆನ್ ಎಂಬ ಸಾಮ್ರಾಜ್ಯವಿದೆ. ಲ್ಯಾಟಿನ್ ಭಾಷೆಯಲ್ಲಿ 'ಕ್ಯಾಲೋರ್' ಎಂದರೆ ಬಿಸಿ. ಅಲ್ಲಿನವರು ಕಂದುಬಣ್ಣದವರು, ಗಡ್ಡಧಾರಿಗಳು. ತಲೆಗೆ ಪೇಟ, ಕಾಲಿಗೆ ತುದಿ ಮೇಲಕ್ಕೆ ಬಾಗಿದ ಪಾದರಕ್ಷೆ, ಕೈಯಲ್ಲಿ ಬಾಗಿದ ಖಡ್ಗ. ಅವರ ನಾಣ್ಯದ ಹೆಸರು ಅರ್ಧಚಂದ್ರ. ರಾಜನ ಹೆಸರೆತ್ತಿದಾಗಲೆಲ್ಲಾ ಅವನಿಗೆ ಚಿರಾಯುವನ್ನು ಹಾರೈಸಲೇಬೇಕು. ಅವರು ಗುಲಾಮರನ್ನು ಕೊಳ್ಳುತ್ತಾರೆ, ಮಾರುತ್ತಾರೆ. ಅವರು ಪೂಜಿಸುವ ತಾಶ್ ಎಂಬ ದೈವಕ್ಕೆ ರಣಹದ್ದಿನ ತಲೆ, ನಾಲ್ಕು ಕೈಗಳು. ಅದಕ್ಕೆ ನರಬಲಿ ಬೇಕು. ಐದನೆಯ ಪುಸ್ತಕದಲ್ಲಿ ಈ ನಾಡು ವಿವರವಾಗಿ ಬರುತ್ತದೆ. ಏಳನೆಯದರಲ್ಲಿ ಈ ನಾಡಿನ ಸೇನೆ ನಾರ್ನಿಯಾದೊಳಕ್ಕೆ ನುಗ್ಗುತ್ತದೆ.

ಕಥೆಯ ಹಂದರ ಹೀಗಿದೆ: ಶಿಫ್ಟ್ ಎಂಬ ಕುತಂತ್ರಿ ವಾನರ ಒಂದು ಪೆದ್ದು ಕತ್ತೆಗೆ ಸಿಂಹದ ಚರ್ಮ ಹೊದಿಸಿ, ಇವನೇ ಅಸ್ಲಾನ್ ಎಂದು ಜನರನ್ನು ನಂಬಿಸುತ್ತಾನೆ. ಕ್ಯಾಲೋರ್ಮೆನರೊಡನೆ ಒಪ್ಪಂದ ಮಾಡಿಕೊಂಡು ತನ್ನವರನ್ನೇ ದುಡಿಮೆಗೆ ಮಾರುತ್ತಾನೆ. ಅಸ್ಲಾನ್ ಬೇರೆಯಲ್ಲ, ತಾಶ್ ಬೇರೆಯಲ್ಲ, ಇಬ್ಬರೂ ಒಂದೇ ಎಂದು ಸಾರುತ್ತಾನೆ. ಕೊನೆಯ ರಾಜ ಟಿರಿಯನ್ ಹೋರಾಡಿ ಸೋಲುತ್ತಾನೆ. ಒಂದು ಕೊಟ್ಟಿಗೆಯ ಬಾಗಿಲಿನ ಮೂಲಕ ಸಜ್ಜನರೆಲ್ಲ ಶಾಶ್ವತ ಲೋಕಕ್ಕೆ ಸೇರುತ್ತಾರೆ. ಹಳೆಯ ನಾರ್ನಿಯಾ ನಾಶವಾಗುತ್ತದೆ. ಒಂದರ್ಥದಲ್ಲಿ ಇದು ಮಕ್ಕಳಿಗಾಗಿ ಬರೆದ ಪ್ರಳಯದ ಕಥೆ.

ಲೇಖಕರಿಗೆ ಸಲ್ಲಬೇಕಾದ ನ್ಯಾಯ ಸಲ್ಲಲೇಬೇಕು. ಒಂದು ಜನರ ಮೇಲಿನ ಸಿಟ್ಟು ನಮ್ಮನ್ನು ನ್ಯಾಯದಿಂದ ವಿಮುಖಗೊಳಿಸಬಾರದು ಎಂಬ ಪಾಠ ನಮಗೆ ಹೊಸದಲ್ಲ. ಲೂಯಿಸ್ ಕಥೆಯಲ್ಲಿ ದ್ರೋಹ ಆರಂಭವಾಗುವುದು ಹೊರಗಿನಿಂದಲ್ಲ, ನಾರ್ನಿಯಾದ ಒಳಗಿನಿಂದಲೇ. ವಾನರ ನಾರ್ನಿಯಾದವನೇ. ಮಾತನಾಡುವ ಕುದುರೆಯನ್ನು ಹೊಡೆಯುತ್ತಿದ್ದ ಇಬ್ಬರು ಕ್ಯಾಲೋರ್ಮೆನರನ್ನು ರಾಜ ಟಿರಿಯನ್ ಎಚ್ಚರಿಕೆ ನೀಡದೆ ಕೊಂದುಬಿಟ್ಟು, ಅದಕ್ಕಾಗಿ ನಾಚಿ ತಾನಾಗಿಯೇ ಶರಣಾಗುತ್ತಾನೆ. ಸರಣಿಯ ಅತಿ ಭಯಂಕರ ಖಳಪಾತ್ರವಾದ ಮಾಟಗಾತಿ ಹಿಮದಂತೆ ಬೆಳ್ಳಗಿರುವವಳು. ಕ್ಯಾಲೋರ್ಮೆನರನ್ನು ಬಣ್ಣ ಹಿಡಿದು ಹೀಗಳೆಯುವ ಮಾತು ಬರುವುದು ಸಿನಿಕರಾದ ಕುಬ್ಜರ ಬಾಯಲ್ಲಿ. ಪಾತ್ರದ ಮಾತನ್ನು ಲೇಖಕರ ಮಾತೆನ್ನಲಾಗದು. ಇದೆಲ್ಲ ಸರಿ. ಆದರೆ ಸೈನಿಕರ ಗುಂಪು ರಾಜನನ್ನು ಮುತ್ತಿದಾಗ ಅವರ ಮೈಯಿಂದ ಬೆಳ್ಳುಳ್ಳಿ, ಈರುಳ್ಳಿಯ ವಾಸನೆ ಬರುತ್ತಿತ್ತೆಂದೂ ಕಂದು ಮುಖಗಳಲ್ಲಿ ಬಿಳಿಗಣ್ಣುಗಳು ಭೀಕರವಾಗಿ ಹೊಳೆಯುತ್ತಿದ್ದವೆಂದೂ ಹೇಳುವುದು ಯಾವ ಕುಬ್ಜನೂ ಅಲ್ಲ, ಕಥೆಯ ನಿರೂಪಕ. ಕುಬ್ಜನ ನಾಲಿಗೆಗೆ ಕುಬ್ಜ ಹೊಣೆ. ನಿರೂಪಕನ ಮೂಗಿಗೆ ಯಾರು ಹೊಣೆ?

ಯಾರ ದೇವರು, ಯಾರ ಪೇಟ?

ಕೆಲವರು ಇಲ್ಲೊಂದು ಆಕ್ಷೇಪ ತೆಗೆಯುತ್ತಾರೆ. ಕ್ಯಾಲೋರ್ಮೆನರು ಮುಸ್ಲಿಮರಲ್ಲ, ಅವರು ವಿಗ್ರಹಾರಾಧಕರು, ಬಹುದೇವತಾವಾದಿಗಳು, ಹಾಗಿರುವಾಗ ಮುಸ್ಲಿಮರು ನೊಂದುಕೊಳ್ಳುವುದೇಕೆ? ಮೇಲ್ನೋಟಕ್ಕೆ ಮಾತು ಸರಿ. ಆದರೆ ಈ ಆಕ್ಷೇಪ ಆರೋಪವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಪೇಟ ಮತ್ತು ಅರ್ಧಚಂದ್ರ ಒಂದು ಕಡೆಯಿಂದ, ನಾಲ್ಕು ಕೈಗಳ ದೈವ ಇನ್ನೊಂದು ಕಡೆಯಿಂದ. ಭಾರತದ ಓದುಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಒಬ್ಬರ ವಿರುದ್ಧ ಒಬ್ಬರು ಕತ್ತಿ ಮಸೆಯುವ ಹಿಂದೂ ಮತ್ತು ಮುಸ್ಲಿಮ್ ಇಬ್ಬರೂ ಆಕ್ಸ್‌ಫರ್ಡಿನ ಕಿಟಕಿಯಿಂದ ನೋಡಿದಾಗ ಒಂದೇ ಆಗಿ ಕಾಣಿಸಿದ್ದಾರೆ. ಇಬ್ಬರನ್ನೂ ಬೆರೆಸಿ ಒಂದೇ ಬೆದರುಗೊಂಬೆ ಮಾಡಲಾಗಿದೆ. 'ಪೂರ್ವ' ಎಂಬ ಈ ಏಕಶಿಲೆಯನ್ನು ಪಶ್ಚಿಮ ಹೇಗೆ ಕಡೆದು ನಿಲ್ಲಿಸಿತೆಂಬುದನ್ನು ಎಡ್ವರ್ಡ್ ಸಯೀದ್ 1978ರಲ್ಲಿ ತಮ್ಮ 'ಓರಿಯೆಂಟಲಿಸಂ' ಕೃತಿಯಲ್ಲಿ ತೆರೆದಿಟ್ಟರು. ನಮ್ಮ ಮಕ್ಕಳು ಅದನ್ನು ಹತ್ತನೆಯ ವಯಸ್ಸಿನಲ್ಲಿ, ಸಯೀದರ ನೆರವಿಲ್ಲದೆ, ಚಿತ್ರಸಮೇತ ಓದುತ್ತಾರೆ.

ಮುಸ್ಲಿಮನನ್ನು ವಿಗ್ರಹಾರಾಧಕನನ್ನಾಗಿ ಚಿತ್ರಿಸುವುದು ಯುರೋಪಿಗೆ ಹಳೆಯ ಅಭ್ಯಾಸ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ರೂಪುಗೊಂಡ ಫ್ರೆಂಚ್ ವೀರಕಾವ್ಯ 'ರೋಲಾಂಡನ ಗೀತೆ'ಯಲ್ಲಿ ಮುಸ್ಲಿಮರು ಮೂರು ಮೂರ್ತಿಗಳನ್ನು ಪೂಜಿಸುತ್ತಾರೆ. ಏಕದೇವ ನಂಬಿಕೆಯನ್ನೇ ಜೀವಾಳವಾಗಿಸಿಕೊಂಡ ಸಮುದಾಯದ ಬಗ್ಗೆ ಬರೆದ ಕಥೆ ಇದು! ಇನ್ನೊಂದು ಸಂಗತಿ ಇದೆ. ಕ್ರಿ.ಶ. 778ರಲ್ಲಿ ಶಾರ್ಲಮೇನ್ ರಾಜನ ಹಿಂದಾಳು ಪಡೆಯನ್ನು ಪಿರೆನೀಸ್ ಪರ್ವತದ ಕಣಿವೆಯಲ್ಲಿ ಕೊಂದವರು ಬಾಸ್ಕ್ ಜನರು. ಮೂರು ಶತಮಾನಗಳ ನಂತರ ಕಾವ್ಯ ಬರೆದಾಗ ಬಾಸ್ಕರು ಮಾಯವಾಗಿ ಅವರ ಜಾಗಕ್ಕೆ ಮುಸ್ಲಿಮರು ಬಂದು ನಿಂತರು. ಕಾಲಕ್ಕೆ ಬೇಕಾದ ಶತ್ರುವನ್ನು ಕಥೆ ಒದಗಿಸಿತು. ಲೂಯಿಸ್ ಸಾಮಾನ್ಯ ಓದುಗರಲ್ಲ. 1925ರಿಂದ ಆಕ್ಸ್‌ಫರ್ಡಿನಲ್ಲಿ ಪಾಠ ಹೇಳಿ, 1954ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಮಧ್ಯಯುಗೀನ ಸಾಹಿತ್ಯದ ಪ್ರಾಧ್ಯಾಪಕರಾದವರು. ಈ ಪರಂಪರೆ ಅವರಿಗೆ ಕರತಲಾಮಲಕ. ತಿಳಿಯದೆ ಬರೆದರು ಎಂಬ ರಿಯಾಯಿತಿ ಅವರಿಗೆ ಸಲ್ಲುವುದಿಲ್ಲ.

ಪುಸ್ತಕ ಹೊರಬಂದ ವರ್ಷವನ್ನೂ ಗಮನಿಸೋಣ. ಕಥೆಯಲ್ಲಿ ಕಂದುಬಣ್ಣದ ದೊಡ್ಡ ಸಾಮ್ರಾಜ್ಯವೊಂದು ಒಂದು ಪುಟ್ಟ ಸ್ವತಂತ್ರ ನಾಡನ್ನು ಮೋಸದಿಂದ ನುಂಗುತ್ತದೆ. 1956ರ ಜುಲೈಯಲ್ಲಿ ಈಜಿಪ್ಟಿನ ನಾಸೆರ್ ಸುಯೆಜ್ ಕಾಲುವೆಯನ್ನು ರಾಷ್ಟ್ರೀಕರಣಗೊಳಿಸಿದರು. ಆ ವರ್ಷದ ಕೊನೆಯೊಳಗೆ ಬ್ರಿಟನ್, ಫ್ರಾನ್ಸ್ ಮತ್ತು ಇಸ್ರೇಲ್ ಮೊದಲೇ ಗುಟ್ಟಾಗಿ ಮಾತಾಡಿಕೊಂಡು ಈಜಿಪ್ಟಿನ ಮೇಲೆ ಎರಗಿದವು. ಲೂಯಿಸ್ ಪುಸ್ತಕವನ್ನು ಬರೆದದ್ದು ಇದಕ್ಕೆ ಮುಂಚೆ. ಸುಯೆಜ್‌ಗೂ ಅದಕ್ಕೂ ಕಾರ್ಯಕಾರಣ ಸಂಬಂಧ ಕಲ್ಪಿಸುವುದು ಅನ್ಯಾಯ. ಆದರೆ ಆ ವರ್ಷ ಇಂಗ್ಲೆಂಡಿನ ಮಗು ಮನೆಯಲ್ಲಿ ಕುಳಿತು ಓದಿದ ಕಥೆಯಲ್ಲಿ ದಾಳಿಕೋರ ಯಾರು, ಹೊರಗಿನ ಜಗತ್ತಿನಲ್ಲಿ ದಾಳಿಕೋರ ಯಾರು? ಗುಲಾಮರ ವ್ಯಾಪಾರದಲ್ಲಿ ಶತಮಾನಗಳ ಕಾಲ ಲಾಭ ಮಾಡಿ, 1833ರಲ್ಲಿ ತನ್ನ ವಸಾಹತುಗಳ ಗುಲಾಮಗಿರಿಯನ್ನು ನಿಲ್ಲಿಸುವ ಕಾಯ್ದೆ ಮಾಡಿದ ದೇಶದ ಕಥೆಯಲ್ಲಿ, ಗುಲಾಮರನ್ನು ಮಾರುವವರೆಲ್ಲ ದಕ್ಷಿಣದವರು, ಸ್ವಾತಂತ್ರ್ಯವೆಲ್ಲ ಉತ್ತರದ್ದು. ಕನ್ನಡಿಯನ್ನು ತಿರುಗಿಸಿ ಹಿಡಿದರೆ ಎದುರಿನವನ ಮುಖವಷ್ಟೇ ಕಾಣುತ್ತದೆ.

ಸದ್ಗುಣದ ಜಪ್ತಿ

ಇಲ್ಲಿಯವರೆಗಿನ ಮಾತಿಗೆ ನಾರ್ನಿಯಾದ ಅಭಿಮಾನಿಗಳ ಬಳಿ ಒಂದು ಸಿದ್ಧ ಉತ್ತರವಿದೆ. ಆ ಉತ್ತರದ ಹೆಸರು ಎಮೆತ್. ಹೀಬ್ರೂ ಭಾಷೆಯಲ್ಲಿ ಎಮೆತ್ ಎಂದರೆ ಸತ್ಯ. ಇವನು ಕ್ಯಾಲೋರ್ಮೆನ್ ಸೇನೆಯ ತರುಣ ಅಧಿಕಾರಿ. ತಾಶ್ ದೈವದ ಪ್ರಾಮಾಣಿಕ ಭಕ್ತ. ವಾನರ ಮತ್ತು ತನ್ನ ಸೇನಾಪತಿ ಸೇರಿ ನಡೆಸುತ್ತಿರುವ ಮೋಸ ಅವನಿಗೆ ಹೇಸಿಗೆ ತರುತ್ತದೆ. ತನ್ನ ದೈವವನ್ನು ಕಣ್ಣಾರೆ ಕಾಣುವ ಹಂಬಲದಿಂದ, ಜೀವದ ಹಂಗು ತೊರೆದು ಆ ಕೊಟ್ಟಿಗೆಯೊಳಗೆ ಹೋಗುತ್ತಾನೆ. ಒಳಗೆ ಅವನಿಗೆ ಎದುರಾಗುವುದು ಅಸ್ಲಾನ್. ಸಿಂಹ ಅವನನ್ನು ಶಿಕ್ಷಿಸುವುದಿಲ್ಲ, ಮಗನೆಂದು ಸ್ವೀಕರಿಸುತ್ತದೆ. ನೋಡಿ, ಅನ್ಯಧರ್ಮೀಯನಿಗೂ ಲೂಯಿಸ್ ಸ್ವರ್ಗದ ಬಾಗಿಲು ತೆರೆದಿದ್ದಾರೆ, ಇದಕ್ಕಿಂತ ಔದಾರ್ಯ ಬೇಕೇ ಎಂದು ಅಭಿಮಾನಿಗಳು ಕೇಳುತ್ತಾರೆ. ಲೂಯಿಸ್ ಇಷ್ಟಾದರೂ ಮಾಡಿದ್ದಕ್ಕೆ ಅವರದೇ ಧರ್ಮದ ಸಂಪ್ರದಾಯವಾದಿಗಳಲ್ಲಿ ಕೆಲವರು ಅವರನ್ನು ಟೀಕಿಸಿದ್ದೂ ಉಂಟು.

ಈ ಔದಾರ್ಯದ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಅಸ್ಲಾನ್ ಎಮೆತ್‌ಗೆ ಹೇಳುವುದರ ಸಾರಾಂಶ ಇಷ್ಟು: ನೀನು ತಾಶ್‌ಗೆ ಸಲ್ಲಿಸಿದೆ ಎಂದುಕೊಂಡ ಸೇವೆಯೆಲ್ಲ ನನಗೆ ಸಂದಿದೆ. ನಾವಿಬ್ಬರೂ ಒಂದೇ ಎಂಬ ಕಾರಣಕ್ಕಲ್ಲ, ನಾವಿಬ್ಬರೂ ಪರಸ್ಪರ ವಿರುದ್ಧ ಎಂಬ ಕಾರಣಕ್ಕೆ. ಒಳ್ಳೆಯದೆಲ್ಲ ನನ್ನ ಖಾತೆಗೆ, ಕೆಟ್ಟದ್ದೆಲ್ಲ ಅವನ ಖಾತೆಗೆ. ಯಾರ ಹೆಸರು ಹೇಳಿ ಮಾಡಿದ್ದೆಂಬುದು ಮುಖ್ಯವಲ್ಲ.

ಇದರ ಅರ್ಥವೇನು? ಎಮೆತ್ ಪ್ರಾಮಾಣಿಕ, ಧೈರ್ಯವಂತ, ದೈವಭಕ್ತ. ಈ ಗುಣಗಳನ್ನು ಅವನು ಎಲ್ಲಿ ಕಲಿತ? ಕ್ಯಾಲೋರ್ಮೆನ್ ತಾಯಿಯ ಮಡಿಲಲ್ಲಿ, ಕ್ಯಾಲೋರ್ಮೆನ್ ಗುರುವಿನ ಬಳಿ, ಆ ನಾಡಿನ ಬೀದಿಗಳಲ್ಲಿ. ಆದರೆ ಕಥೆ ಆ ತಾಯಿಗೂ ಗುರುವಿಗೂ ಒಂದು ಪೈಸೆಯ ಋಣ ಸಲ್ಲಿಸುವುದಿಲ್ಲ. ಅವನಲ್ಲಿದ್ದ ಒಳಿತು ಅವನ ಸಮಾಜದ್ದಲ್ಲ, ಅವನ ನಂಬಿಕೆಯದ್ದಲ್ಲ, ಅವನಿಗರಿವಿಲ್ಲದೆಯೇ ಎದುರಾಳಿಯದ್ದಾಗಿತ್ತು ಎಂದು ತೀರ್ಪು ಬರುತ್ತದೆ. ನಾವು ಇದನ್ನು ಔದಾರ್ಯ ಎನ್ನುವುದಿಲ್ಲ, ಜಪ್ತಿ ಎನ್ನುತ್ತೇವೆ. ಸಾಲಗಾರನ ಮನೆಯ ಪಾತ್ರೆಪಗಡಗಳನ್ನು ಹೊತ್ತೊಯ್ಯುವ ಅಮೀನನಂತೆ ಕಥೆಗಾರ ಬಂದು ಒಂದು ಜನಾಂಗದ ಮನೆಯಲ್ಲಿದ್ದ ಒಂದೇ ಒಂದು ಸದ್ಗುಣವನ್ನೂ ಹೊತ್ತೊಯ್ದಿದ್ದಾನೆ. ಮನೆಯಲ್ಲಿ ಉಳಿದದ್ದು ಬರೀ ಬಾಗಿದ ಖಡ್ಗ.

ಎಮೆತ್ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವ ಅವಕಾಶ ಪುಸ್ತಕದಲ್ಲಿದೆ. ಆದರೆ ಯಾವಾಗ? ಸಿಂಹದ ಪಾದಕ್ಕೆ ಬಿದ್ದ ನಂತರ. ಅದಕ್ಕೆ ಮುಂಚೆ ಅವನ ಮನಸ್ಸಿನೊಳಕ್ಕೆ ನಮಗೆ ಪ್ರವೇಶವಿಲ್ಲ. ಐದನೆಯ ಪುಸ್ತಕದ ಅರಾವಿಸ್ ಎಂಬ ದಿಟ್ಟ ಹುಡುಗಿಯನ್ನೂ ಅಭಿಮಾನಿಗಳು ಉದಾಹರಿಸುತ್ತಾರೆ. ಅವಳು ನಿಜಕ್ಕೂ ಜೀವಂತವಾದ ಪಾತ್ರ. ಆದರೆ ಅವಳ ದಾರಿಯೂ ಅದೇ: ಒಳ್ಳೆಯವಳಾಗಲು ನಾಡು ಬಿಟ್ಟು ಉತ್ತರಕ್ಕೆ ಓಡಬೇಕು. ಅವಳ ಜೊತೆಗಾರ ಶಾಸ್ತ ದಕ್ಷಿಣದ ಬಡ ಮೀನುಗಾರನ ಮಗನೆಂದು ಕಥೆ ಆರಂಭವಾಗುತ್ತದೆ. ಕೊನೆಗೆ ಅವನು ಉತ್ತರದ ರಾಜಕುಮಾರನೆಂದು ತಿಳಿದುಬರುತ್ತದೆ. ದಕ್ಷಿಣದಲ್ಲೇ ಹುಟ್ಟಿ, ದಕ್ಷಿಣದಲ್ಲೇ ಬದುಕಿ, ದಕ್ಷಿಣದವನಾಗಿಯೇ ಸತ್ತ ಒಬ್ಬ ಸಜ್ಜನನನ್ನು ನಾರ್ನಿಯಾದ ಕಥೆ ಓದುಗನ ನೆನಪಿನಲ್ಲಿ ಉಳಿಸುವುದಿಲ್ಲ.

ತಾಶ್ ಮತ್ತು ಅಸ್ಲಾನ್ ಒಂದೇ ಎಂಬ ಮಾತನ್ನು ಮೋಸಗಾರನ ಬಾಯಲ್ಲಿ ಹಾಕಿದ್ದಕ್ಕೆ ನಮ್ಮ ತಕರಾರಿಲ್ಲ. ಧರ್ಮಗಳ ನಡುವೆ ನಿಜವಾದ ವ್ಯತ್ಯಾಸಗಳಿವೆ. ಎಲ್ಲವನ್ನೂ ಕಲಸಿ ಒಂದೇ ಎನ್ನುವುದು ಹಲವು ಸಲ ಸೋಮಾರಿತನ, ಕೆಲವು ಸಲ ವ್ಯಾಪಾರ. ತಮ್ಮ ಧರ್ಮವೇ ಸತ್ಯವೆಂದು ನಂಬುವ ಹಕ್ಕು ಲೂಯಿಸ್ ಅವರಿಗೂ ಇದೆ, ನಮಗೂ ಇದೆ. ಆದರೆ ನನ್ನ ನಂಬಿಕೆ ಸತ್ಯ ಎನ್ನುವುದು ಬೇರೆ, ನಿನ್ನಲ್ಲಿರುವ ಒಳ್ಳೆಯತನವೂ ನನ್ನದೇ ಎನ್ನುವುದು ಬೇರೆ. ಮೊದಲನೆಯದರಲ್ಲಿ ಸಂವಾದಕ್ಕೆ ಜಾಗವಿದೆ. ಎರಡನೆಯದರಲ್ಲಿ ಎದುರಿಗೆ ಕುಳಿತವನೇ ಇಲ್ಲ.

ಇದು ಬರೀ ಪುಸ್ತಕದ ಮಾತಲ್ಲ. ನೀವು ಅವರ ಹಾಗಲ್ಲ ಬಿಡಿ, ನಿಮ್ಮನ್ನು ನೋಡಿದರೆ ಮುಸ್ಲಿಮ್ ಅನ್ನಿಸುವುದೇ ಇಲ್ಲ ಎಂಬ ಪ್ರಶಂಸೆಯನ್ನು ಕೇಳದ ಮುಸ್ಲಿಮ್ ನೌಕರ, ಮುಸ್ಲಿಮ್ ವಿದ್ಯಾರ್ಥಿನಿ ಈ ನಾಡಿನಲ್ಲಿ ವಿರಳ. ಹೇಳುವವರು ಕೆಟ್ಟವರಲ್ಲ, ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಪ್ರಶಂಸೆಯ ಲೆಕ್ಕವೂ ಎಮೆತ್‌ನ ಲೆಕ್ಕವೇ. ಒಳ್ಳೆಯವನಾಗಿದ್ದರೆ ನೀನು ಅವರಲ್ಲಿ ಒಬ್ಬನಲ್ಲ; ಅವರಲ್ಲಿ ಒಬ್ಬನಾಗಿದ್ದರೆ ನೀನು ಒಳ್ಳೆಯವನಲ್ಲ. ದಲಿತರಿಗೂ ಇಂತಹ ಪ್ರಶಂಸೆ ಚಿರಪರಿಚಿತ. ಇಂಥ ಮೆಚ್ಚುಗೆಯನ್ನು ಪಡೆದವನು ಒಬ್ಬನೇ ಗೆಲ್ಲುತ್ತಾನೆ, ಅವನ ಮನೆಯವರೆಲ್ಲ ಸೋಲುತ್ತಾರೆ.

ನಮ್ಮ ಕಪಾಟಿನಲ್ಲೂ ಎಮೆತ್ ಇದ್ದಾನೆ

ಬೇರೆಯವರ ಕಣ್ಣಿನ ಕಸವನ್ನು ತೋರಿಸಿದ ಮೇಲೆ ನಮ್ಮ ಕಣ್ಣನ್ನೂ ಪರೀಕ್ಷಿಸಿಕೊಳ್ಳಬೇಕು. ಉರ್ದುವಿನಲ್ಲೂ ಒಂದು ಮಹಾ ಅದ್ಭುತ ಸರಣಿಯಿದೆ. ಲಖನೌದ ಮುನ್ಶಿ ನವಲ್ ಕಿಶೋರ್ ಅವರ ಮುದ್ರಣಾಲಯ 1883ರಿಂದ ಪ್ರಕಟಿಸಲಾರಂಭಿಸಿದ ಅಮೀರ್ ಹಮ್ಝಾ ದಾಸ್ತಾನ್ 46 ಸಂಪುಟಗಳಷ್ಟು ಬೆಳೆಯಿತು. ಅದರ 'ತಿಲಿಸ್ಮ್-ಎ-ಹೋಶ್‌ರುಬಾ' ಭಾಗವನ್ನು ಮುಹಮ್ಮದ್ ಹುಸೈನ್ ಜಾಹ್ ಮತ್ತು ಅಹ್ಮದ್ ಹುಸೈನ್ ಕಮರ್ ಬರೆದರು. ಮುಸ್ಲಿಮ್ ಕಥೆಗಾರರ ಈ ಕಲ್ಪನಾಲೋಕವನ್ನು ಅಚ್ಚು ಹಾಕಿದವರು ಹಿಂದೂ ಪ್ರಕಾಶಕರು ಎಂಬುದು ಹೆಮ್ಮೆಯ ಸಂಗತಿಯೇ. ಆದರೆ ಆ ಕಥೆಗಳಲ್ಲೂ ಎದುರು ಪಾಳಯದ ಸಜ್ಜನರು ಕೊನೆಗೆ ಹಮ್ಝಾರ ಪಾಳಯಕ್ಕೆ ಬಂದು ಸೇರಲೇಬೇಕು. ಸೇರದೆ ಉಳಿದವರ ಗತಿ ಕತ್ತಿಯ ಬಾಯಿ. ಲೂಯಿಸ್ ಅವರ ಪುಟಗಳಲ್ಲಿ ನಮಗೆ ನೋವಾಗುವುದಾದರೆ, ಈ ಪುಟಗಳನ್ನು ಓದುವ ಹಿಂದೂ ಸ್ನೇಹಿತನ ಮನಸ್ಸೂ ನಮಗೆ ಅರ್ಥವಾಗಬೇಕು. ಕಾಯಿಲೆ ಪಶ್ಚಿಮದ್ದೊಂದೇ ಅಲ್ಲ, ಯುದ್ಧದ ಕಥೆ ಕಟ್ಟುವ ಎಲ್ಲರದ್ದೂ.

ಕರಾವಳಿಯ ಐತಿಹ್ಯವೊಂದು ಬೇರೆಯೇ ದಾರಿ ತೋರಿಸುತ್ತದೆ. ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನದ ಕಥೆಯಲ್ಲಿ ಬಪ್ಪ ಬ್ಯಾರಿ ಎಂಬ ಮುಸ್ಲಿಮ್ ವರ್ತಕನಿದ್ದಾನೆ. ಊರಿಗೇ ಅವನ ಹೆಸರು. ಯಕ್ಷಗಾನದ ರಂಗದ ಮೇಲೂ ಅವನು ಬಂದು ಜನರನ್ನು ರಂಜಿಸಿದ್ದಾನೆ. ಆ ಕಥೆಯನ್ನು ಯಾರು ಹೇಗೆ ನಂಬುತ್ತಾರೆ ಎಂಬುದು ಅವರವರಿಗೆ ಬಿಟ್ಟದ್ದು. ನಮಗಿಲ್ಲಿ ಮುಖ್ಯವಾದದ್ದು ಇಷ್ಟೇ: ಬಪ್ಪ ಕಥೆಯ ಕೊನೆಯಲ್ಲೂ ಬ್ಯಾರಿಯಾಗಿಯೇ ಉಳಿಯುತ್ತಾನೆ. ಅವನ ಒಳ್ಳೆಯತನವನ್ನು ಯಾರೂ ಜಪ್ತಿ ಮಾಡುವುದಿಲ್ಲ. ಆಕ್ಸ್‌ಫರ್ಡಿನ ಪಂಡಿತರಿಗೆ ಕಾಣದ ಈ ಸಾಧ್ಯತೆ ನಮ್ಮ ಹಳ್ಳಿಯ ಕಥೆಗಾರರಿಗೆ ಕಂಡಿತ್ತು.

ಹಾಗಾದರೆ ಮಾಡಬೇಕಾದದ್ದೇನು? ಪುಸ್ತಕವನ್ನು ಶಾಲೆಯ ಗ್ರಂಥಾಲಯದಿಂದ ತೆಗೆಸಬೇಕೆಂದು ಮನವಿ ಬರೆಯುವವರು ನಮ್ಮಲ್ಲಿದ್ದಾರೆ. ಅದು ಅತ್ಯಂತ ಸುಲಭದ, ಅತ್ಯಂತ ನಿರುಪಯೋಗಿ ಕೆಲಸ. ತೆಗೆಸಿದ ಪುಸ್ತಕ ಇನ್ನೊಂದು ಬಾಗಿಲಿನಿಂದ ಬರುತ್ತದೆ. ನಾರ್ನಿಯಾದ ಎಲ್ಲ ಪುಸ್ತಕಗಳ ಚಿತ್ರೀಕರಣದ ಹಕ್ಕನ್ನು ನೆಟ್‌ಫ್ಲಿಕ್ಸ್ 2018ರಲ್ಲೇ ಪಡೆದಿದೆ. ಏಳನೆಯ ಪುಸ್ತಕ ಒಂದು ದಿನ ಪರದೆಗೂ ಬರಬಹುದು. ಆಗ ನಿರ್ಮಾಪಕರು ಪೇಟವನ್ನು ತೆಗೆದು ಬೇರೆ ಟೋಪಿ ಹಾಕಿ ಕೈತೊಳೆದುಕೊಳ್ಳುವ ಸಂಭವವೇ ಹೆಚ್ಚು. ದೋಷ ಇರುವುದು ಬಟ್ಟೆಯಲ್ಲಲ್ಲ, ಲೆಕ್ಕದಲ್ಲಿ.

ಇಂಗ್ಲಿಷ್ ಜಗತ್ತಿನಲ್ಲಿ ಈ ಪುಸ್ತಕದ ಬಗ್ಗೆ ಚರ್ಚೆ ನಡೆದಿಲ್ಲವೆಂದಲ್ಲ. ಕಾದಂಬರಿಕಾರ ಫಿಲಿಪ್ ಪುಲ್ಮನ್ 1998ರಲ್ಲೇ ಗಾರ್ಡಿಯನ್ ಪತ್ರಿಕೆಯಲ್ಲಿ ನಾರ್ನಿಯಾವನ್ನು ಕಟುವಾಗಿ ಟೀಕಿಸಿದರು. ತುಟಿಯ ಬಣ್ಣ, ಕಾಲ್ಚೀಲ, ಔತಣಕೂಟಗಳಲ್ಲಿ ಆಸಕ್ತಿ ತೋರಿದ ಸೂಸಾನ್ ಎಂಬ ಹುಡುಗಿ ಆ ಶಾಶ್ವತ ಲೋಕಕ್ಕೆ ಹೋದವರ ಗುಂಪಿನಿಂದ ಹೊರಗುಳಿದ ಅನ್ಯಾಯದ ಬಗ್ಗೆ ನೀಲ್ ಗೈಮನ್ 2004ರಲ್ಲಿ ಕಥೆಯನ್ನೇ ಬರೆದರು. ಸೂಸಾನ್‌ಗೆ ಒಳ್ಳೆಯ ವಕೀಲರು ಸಿಕ್ಕರು, ಸಂತೋಷ. ಎಮೆತ್‌ನ ತಾಯಿಯ ಪರವಾಗಿ ವಾದಿಸುವವರು ಯಾರು? ಆ ಕೆಲಸ ನಮ್ಮದು, ನಾವೇ ಮಾಡಬೇಕು.

ಮೊದಲ ಕೆಲಸ ಮನೆಯಲ್ಲಿ. ಮಗು ಏಳನೆಯ ಪುಸ್ತಕ ಓದುವಾಗ ಅಪ್ಪನೋ ಅಮ್ಮನೋ ಜೊತೆಗೆ ಓದಲಿ. ಓದಿ ಮುಗಿದ ಮೇಲೆ ಮೂರು ಪ್ರಶ್ನೆ ಕೇಳಲಿ: ಈ ಕಥೆಯನ್ನು ಒಬ್ಬ ಕ್ಯಾಲೋರ್ಮೆನ್ ಅಜ್ಜಿ ಹೇಳಿದ್ದರೆ ಹೇಗಿರುತ್ತಿತ್ತು? ಎಮೆತ್‌ಗೆ ಸತ್ಯ ಹೇಳುವುದನ್ನು ಕಲಿಸಿದವರು ಯಾರು? ಅಸ್ಲಾನ್ ಎಂಬ ಹೆಸರು ಯಾರ ಭಾಷೆಯಿಂದ ಬಂತು? ಈ ಪ್ರಶ್ನೆಗಳನ್ನು ಕೇಳಿಸಿಕೊಂಡ ಮಗು ಪುಸ್ತಕವನ್ನು ದ್ವೇಷಿಸುವುದಿಲ್ಲ. ಸಿಂಹವನ್ನೂ ಪ್ರೀತಿಸುತ್ತದೆ, ಕಥೆಗಾರನನ್ನೂ ಪ್ರಶ್ನಿಸುತ್ತದೆ. ಶಾಲೆಯ ಶಿಕ್ಷಕರೂ ಇದನ್ನು ಮಾಡಬಹುದು. ತರಗತಿಯಲ್ಲಿ ಮುಸ್ಲಿಮ್ ಮಗು ಒಂದೂ ಇಲ್ಲದಿದ್ದರೆ ಇನ್ನೂ ಅಗತ್ಯವಾಗಿ ಮಾಡಬೇಕು.

ಎರಡನೆಯ ಕೆಲಸ ಲೇಖಕರದ್ದು. ಬೊಳುವಾರು ಮಹಮ್ಮದ್ ಕುಂಞಿಯವರು ಮುತ್ತುಪ್ಪಾಡಿ ಎಂಬ ಕಲ್ಪಿತ ಊರನ್ನೇ ಕಟ್ಟಿ, ಅಲ್ಲಿನ ಮುಸ್ಲಿಮರನ್ನು ಒಳಿತು ಕೆಡುಕುಗಳ ಸಮೇತ ಕನ್ನಡಿಗರಿಗೆ ಪರಿಚಯಿಸಿದರು. ಸಾರಾ ಅಬೂಬಕ್ಕರ್ ನಮ್ಮ ಮನೆಗಳ ಒಳಗಿನ ಅನ್ಯಾಯವನ್ನು ಅಳುಕದೆ ಬರೆದರು. ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದ ಮೂಲಕ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನೇ ಗೆದ್ದವು. ಇವರ ಪಾತ್ರಗಳಲ್ಲಿ ಕೆಟ್ಟವರಿದ್ದಾರೆ, ಒಳ್ಳೆಯವರಿದ್ದಾರೆ. ಒಳ್ಳೆಯವರಾಗಲು ಯಾರೂ ಊರು ಬಿಟ್ಟು ಉತ್ತರಕ್ಕೆ ಓಡಬೇಕಾಗಿಲ್ಲ. ಆದರೆ ಇವೆಲ್ಲ ಹೆಚ್ಚಾಗಿ ದೊಡ್ಡವರ ಪುಸ್ತಕಗಳು. ಇಂಗ್ಲಿಷಿನಲ್ಲಿ ಜಿ. ವಿಲೋ ವಿಲ್ಸನ್ ಎಂಬ ಮುಸ್ಲಿಮ್ ಲೇಖಕಿ 2012ರಲ್ಲಿ ಜಿನ್ನ್‌ಗಳ ಲೋಕವನ್ನು ಕಂಪ್ಯೂಟರ್ ಯುಗಕ್ಕೆ ತಂದು 'ಆಲಿಫ್ ದಿ ಅನ್‌ಸೀನ್' ಬರೆದರು. ಮರುವರ್ಷ ಅದಕ್ಕೆ ವಿಶ್ವ ಫ್ಯಾಂಟಸಿ ಪ್ರಶಸ್ತಿ ಬಂತು. ಕನ್ನಡದ ಹತ್ತು ವರ್ಷದ ಮಗುವಿಗೆ ಒಂದು ಬೀರುವಿನ ಬಾಗಿಲು ತೆರೆದು, ಆಚೆಗೆ ಮಾಯಾಲೋಕ ತೋರಿಸಿ, ಅಲ್ಲಿನ ಸಾಹಸಿಗಳಲ್ಲಿ ಒಬ್ಬಳಿಗೆ ಫಾತಿಮಾ ಎಂದೂ ಇನ್ನೊಬ್ಬನಿಗೆ ಮಂಜುನಾಥ ಎಂದೂ ಹೆಸರಿಡುವ ಕಥೆಗಾರರು ನಮಗೆ ಬೇಕು.

ಕಥೆಗೆ ಉತ್ತರ ಕಥೆಯೇ. ಅರೇಬಿಯನ್ ನೈಟ್ಸ್ ಬರೆದ ಪರಂಪರೆಯವರು, ಹಮ್ಝಾ ದಾಸ್ತಾನಿನ 46 ಸಂಪುಟ ಹೇಳಿದವರು, ಇಂದು ಮಕ್ಕಳ ಕೈಗೆ ಬರೀ ನೀತಿಬೋಧೆಯ ಕಿರುಹೊತ್ತಗೆಗಳನ್ನು ಕೊಟ್ಟು, ಅವರು ಲೂಯಿಸ್‌ರನ್ನು ಓದುತ್ತಾರೆಂದು ದೂರುವುದು ನ್ಯಾಯವಲ್ಲ. ನಮ್ಮ ಸಿಂಹದ ಹೆಸರನ್ನು ಅವರು ಕೇಳದೆ ಒಯ್ದರು. ಸಿಂಹವನ್ನು ನಾವೇಕೆ ಕಳೆದುಕೊಂಡೆವು ಎಂಬುದನ್ನು ನಮ್ಮನ್ನೇ ಕೇಳಿಕೊಳ್ಳಬೇಕು.